ಊನವೋ, ಆಸೆಯೋ? ಒಂದು ಶಬ್ದವಿಮರ್ಶೆ



ಕಳೆದ ಶ್ರಾವಣ ಮಾಸದಲ್ಲಿ ಶಾಮನೂರಿನ ಭಕ್ತರ ಅಪೇಕ್ಷೆಯಂತೆ ನಾವು ಅಲ್ಲಿ ಕೆಲವು ದಿನ ಪ್ರವಚನ ನಡೆಸಿದೆವು. ಶಾಮನೂರು ಹಿಂದೆ ದಾವಣಗೆರೆಯ ಮಗ್ಗುಲಿನ ಹಳ್ಳಿ. ಇಂದು ನಗರದೊಳಗೆ ಸೇರಿಹೋಗಿದೆ. ಆದರೂ ಭದ್ರಾ ನಾಲೆಯ ನೀರು, ಬತ್ತದ ಗದ್ದೆ, ಸುಗ್ಗಿಯ ಕಣ ಇವುಗಳ ಮಾತು ಅಲ್ಲಿಯ ಹಿರಿಯರ ಬಾಯಲ್ಲಿ ಇನ್ನೂ ಬತ್ತಿಲ್ಲ. ಒಂದು ಸಂಜೆ, ಮಾಯೆಯು ಹೊರಗಿನ ವಸ್ತುಗಳಲ್ಲಿಲ್ಲ, ಮನುಷ್ಯನು ಅವುಗಳ ಮೇಲಿಡುವ ಆಸೆಯಲ್ಲಿದೆ ಎಂಬ ಅಲ್ಲಮಪ್ರಭುವಿನ ನಿಲುವನ್ನು ವಿವರಿಸಿ, ಸಂದೇಹವಿದ್ದವರು ಕೇಳಬಹುದೆಂದೆವು. ಕಾಲೇಜಿನಲ್ಲಿ ಓದುವ ಹೆಣ್ಣುಮಗಳೊಬ್ಬಳು ಎದ್ದು ನಿಂತು ಹೀಗೆ ಕೇಳಿದಳು: “ಬುದ್ಧಿ, ಆಸೆಗೆ ಇಂಗ್ಲಿಷಿನಲ್ಲಿ ಡಿಸೈರ್ ಅಂತಾರೆ. ಅದು ನಕ್ಷತ್ರ ಅನ್ನೋ ಶಬ್ದದಿಂದ ಬಂದದ್ದು ಅಂತ ನಮ್ಮ ಕಾಲೇಜಿನಲ್ಲಿ ಹೇಳಿದರು. ಅವರಿಗೆ ನಕ್ಷತ್ರ ಆದದ್ದು ನಮಗೆ ಮಾತ್ರ ಮಾಯೆ ಹೇಗಾಯಿತು?”

ಸಭೆ ನಕ್ಕಿತು. ನಾವೂ ನಕ್ಕು, “ತಾಯಿ, ನಕ್ಷತ್ರ ನೋಡುತ್ತ ನಡೆಯುವವನು ಹಳ್ಳಕ್ಕೆ ಬೀಳುತ್ತಾನೆ” ಎಂದೆವು. ಚಪ್ಪಾಳೆಯಾಯಿತು. ಮಂಗಳವಾಗಿ ಜನ ಚದುರಿದ ಮೇಲೆ ಆ ಹುಡುಗಿಯ ಅಜ್ಜಿ ಬಂದು ಪಾದಕ್ಕೆರಗಿ, ಮೊಮ್ಮಗಳು ಪದವಿ ಮುಗಿಸುವವಳಿದ್ದಾಳೆಂದೂ, ಮೈಸೂರಿಗೆ ಹೋಗಿ ಮುಂದಕ್ಕೆ ಓದಬೇಕೆನ್ನುತ್ತಾಳೆಂದೂ, ಮನೆಯ ಗಂಡಸರು “ಅತಿಯಾಸೆ ಬೇಡ, ಶರಣರು ಬೇಡವೆಂದಿದ್ದಾರೆ” ಎಂದು ಅವಳನ್ನು ತಡೆದಿದ್ದಾರೆಂದೂ ತಿಳಿಸಿದರು. ಕೊನೆಗೆ, “ಇವತ್ತು ತಮ್ಮ ಮಾತು ನಮ್ಮನೆ ಬಾಗಿಲಿಗೆ ಇನ್ನೊಂದು ಬೀಗ ಆಯ್ತು ಬುದ್ಧಿ” ಎಂದು ಮೆಲ್ಲಗೆ ಹೇಳಿ ಹೊರಟರು.

ವಾಚಕರೇ, ಆ ರಾತ್ರಿ ನಮಗೆ ನಿದ್ದೆ ಸರಿಯಾಗಿ ಬರಲಿಲ್ಲ. ಪ್ರಶ್ನೆ ಶಬ್ದಾರ್ಥದ್ದೆಂದು ನಾವು ತಿಳಿದೆವು. ಅದು ಬದುಕಿನ ಪ್ರಶ್ನೆಯಾಗಿತ್ತು. ಚಪ್ಪಾಳೆ ಬಂದ ಉತ್ತರಗಳೆಲ್ಲ ಸರಿಯುತ್ತರಗಳಲ್ಲ. ಅಂದು ಸಭೆಯಲ್ಲಿ ಕೊಡದೆ ಉಳಿಸಿದ ಉತ್ತರವನ್ನು ಈ ಪತ್ರಿಕೆಯ ಮೂಲಕ ಕೊಡುವುದು ನಮ್ಮ ಉದ್ದೇಶ. ಶಬ್ದದಿಂದಲೇ ಪ್ರಾರಂಭಿಸೋಣ, ಏಕೆಂದರೆ ಬೀಗವಾದದ್ದು ಒಂದು ಶಬ್ದವೇ.

ಮೊದಲು ನಕ್ಷತ್ರದ ವಿಚಾರ. ‘ಡಿಸೈರ್’ ಎಂಬ ಇಂಗ್ಲಿಷ್ ಪದವು ಫ್ರೆಂಚ್ ಭಾಷೆಯ ಮೂಲಕ ಲ್ಯಾಟಿನ್ನಿನಿಂದ ಬಂದುದು. ಲ್ಯಾಟಿನ್ನಿನಲ್ಲಿ ‘ಡೆಸಿಡೆರಾರೆ’ ಎಂಬ ಕ್ರಿಯಾಪದವುಂಟು. ಆ ಭಾಷೆಯಲ್ಲಿ ‘ಸೀಡುಸ್’ ಎಂದರೆ ನಕ್ಷತ್ರ ಅಥವಾ ನಕ್ಷತ್ರಮಂಡಲ. ಆದುದರಿಂದ ‘ನಕ್ಷತ್ರದಿಂದ’ ಎಂಬುದೇ ಈ ಕ್ರಿಯಾಪದದ ಮೂಲವೆಂದು ವಿದ್ವಾಂಸರು ಊಹಿಸಿದ್ದಾರೆ. ಆಲೋಚಿಸು ಎಂಬರ್ಥದ ‘ಕನ್ಸಿಡರ್’ ಎಂಬ ಪದಕ್ಕೂ ಇದೇ ನಕ್ಷತ್ರಮೂಲವನ್ನು ಹೇಳುವುದುಂಟು. ಆದರೆ ನಕ್ಷತ್ರಕ್ಕೂ ಬಯಕೆಗೂ ನಂಟು ಹೇಗಾಯಿತೆಂಬ ಬಗ್ಗೆ ಒಮ್ಮತವಿಲ್ಲ. ನಕ್ಷತ್ರಗಳು ತಂದುಕೊಡುವ ಫಲವನ್ನು ಕಾದಿರುವುದೆಂದು ಕೆಲವರು, ಕಾಣಬೇಕಾದ ನಕ್ಷತ್ರ ಕಾಣದೆ ಹೋದುದೆಂದು ಕೆಲವರು ವಿವರಿಸುತ್ತಾರೆ. ಊಹೆ ಯಾವುದೇ ಇರಲಿ, ಆ ಪದವನ್ನು ರೋಮನರು ಬಳಸಿದ ಬಗೆಯಲ್ಲಿ ಸಂದೇಹವಿಲ್ಲ. ಇದ್ದವರು ಇಲ್ಲದಾದಾಗ ಆಗುವ ಕಳವಳಕ್ಕೆ, ಅಗಲಿದವರ ನೆನಪಿನ ನೋವಿಗೆ ಅವರು ಆ ಪದವನ್ನು ಬಳಸುತ್ತಿದ್ದರು. ಆದುದರಿಂದ ‘ಡಿಸೈರ್ ಎಂದರೆ ನಕ್ಷತ್ರವನ್ನು ಮುಟ್ಟುವ ಹೆಬ್ಬಯಕೆ’ ಎಂದು ಇಂದು ವೇದಿಕೆಗಳ ಮೇಲೆ ಹೇಳುವ ಮಾತು ಕೇಳಲು ಇಂಪಾದರೂ ಆ ಪದದ ಚರಿತ್ರೆಯಲ್ಲ. ಅದು ಏರುವವನ ಮಾತಾಗಿರಲಿಲ್ಲ, ಕಳೆದುಕೊಂಡವನ ಮಾತಾಗಿತ್ತು.

ಇಂಥ ಇಂಪಿಗೆ ನಾವೂ ಹೊರತಲ್ಲ. ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿದವರೆಲ್ಲ ಬಲ್ಲಂತೆ, ‘ಆಶಾ’ ಎಂಬುದು ದಿಕ್ಕಿನ ಹೆಸರುಗಳಲ್ಲಿ ಒಂದು. ನಮ್ಮ ‘ಆಸೆ’ ಸಂಸ್ಕೃತದ ‘ಆಶಾ’ ಶಬ್ದದ ತದ್ಭವ. ಹಾಗಾದರೆ ಇಂಗ್ಲಿಷಿನ ಆಸೆ ನಕ್ಷತ್ರ, ನಮ್ಮ ಆಸೆ ದಿಕ್ಕು. ಎರಡೂ ಆಕಾಶದ ಸಂಬಂಧಿಗಳೇ ಎಂದು ಒಂದು ಸೊಗಸಾದ ಪ್ರವಚನ ಮಾಡಿಬಿಡಬಹುದು. ಆದರೆ ದಿಕ್ಕೆಂಬ ಅರ್ಥದ ‘ಆಶಾ’ ಒಂದು ಧಾತುವಿನಿಂದಲೂ, ನಿರೀಕ್ಷೆಯೆಂಬ ಅರ್ಥದ ‘ಆಶಾ’ ಇನ್ನೊಂದು ಧಾತುವಿನಿಂದಲೂ ಬಂದುವೆಂದು ಕೋಶಕಾರರು ಬೇರೆಬೇರೆಯಾಗಿ ತೋರಿಸಿದ್ದಾರೆ. ರೂಪ ಒಂದಾದ ಮಾತ್ರಕ್ಕೆ ಕುಲ ಒಂದಾಗದು. ಶಬ್ದದ ಹುಟ್ಟನ್ನು ಹಿಡಿದು ಉಪದೇಶ ಮಾಡುವವರು ಇದನ್ನು ನೆನಪಿನಲ್ಲಿಡಬೇಕು.

ಹುಟ್ಟು ನಿಶ್ಚಿತವಾಗಿರುವಲ್ಲಿಯೂ ಅದು ಅರ್ಥವನ್ನು ಕಟ್ಟಿಹಾಕಲಾರದು. ೧೭೮೬ರಲ್ಲಿ ಕಲ್ಕತ್ತೆಯಲ್ಲಿ ಸರ್ ವಿಲಿಯಂ ಜೋನ್ಸ್ ಎಂಬ ನ್ಯಾಯಾಧೀಶರು ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಬೇರಿನಿಂದ ಒಡೆದ ಕೊಂಬೆಗಳಿರಬೇಕೆಂದು ಹೇಳಿದರು. ಅಂದಿನಿಂದ ನಡೆದ ಶೋಧನೆಯ ಫಲವಾಗಿ, ಬಯಕೆಯನ್ನು ಹೇಳುವ ಹಲವು ಇಂಗ್ಲಿಷ್ ಪದಗಳಿಗೆ ಸಂಸ್ಕೃತದಲ್ಲಿ ದಾಯಾದಿಗಳಿರುವುದು ಗೊತ್ತಾಗಿದೆ. ‘ವಿಷ್’ ಎಂಬುದು ನಮ್ಮ ವಾಂಛೆಯ ದಾಯಾದಿ. ‘ಲಸ್ಟ್’ ಎಂಬುದು ಲಾಲಸೆಯ ದಾಯಾದಿ. ನೀರಡಿಕೆಯನ್ನು ಹೇಳುವ ‘ಥರ್ಸ್ಟ್’ ಎಂಬುದು ತೃಷೆಯ ದಾಯಾದಿ. ಎಲ್ಲಕ್ಕಿಂತ ಆಶ್ಚರ್ಯಕರವಾದುದು ‘ಲವ್’. ಪ್ರೀತಿಯೆಂಬ ಅರ್ಥದ ಆ ಪದವೂ ಅರಿಷಡ್ವರ್ಗದಲ್ಲಿ ನಾವು ಎಣಿಸುವ ಲೋಭವೂ ಒಂದೇ ಬೇರಿನಿಂದ ಬಂದವು. ಒಂದು ನಾಡಿನಲ್ಲಿ ಆ ಬೇರು ಪ್ರೀತಿಯಾಗಿ ಚಿಗುರಿತು. ಇನ್ನೊಂದು ನಾಡಿನಲ್ಲಿ ಜಿಪುಣತನವಾಗಿ ಚಿಗುರಿತು. ಬೇರು ಒಂದೆಂದು ಪ್ರೀತಿಯನ್ನು ಲೋಭವೆನ್ನಲಾದೀತೇ? ಲೋಭವನ್ನು ಪ್ರೀತಿಯೆನ್ನಲಾದೀತೇ? ಶಬ್ದಕ್ಕೂ ಮನುಷ್ಯನಂತೆ ಕುಲದಿಂದ ಬೆಲೆಯಿಲ್ಲ, ನಡೆಯಿಂದ ಬೆಲೆ. ಜನ ಅದನ್ನು ಹೇಗೆ ನಡೆಸಿಕೊಂಡರೋ ಅದೇ ಅದರ ಅರ್ಥ. ಕುಲವನ್ನು ಕೇಳದೆ ನಡೆಯನ್ನು ಕೇಳಿದ ಶರಣರ ಮಕ್ಕಳಿಗೆ ಇದನ್ನು ಹೆಚ್ಚು ವಿವರಿಸಬೇಕಾದುದಿಲ್ಲ.

ಹಾಗಾದರೆ ಶಬ್ದದ ಮೂಲವನ್ನು ಹುಡುಕುವುದು ವ್ಯರ್ಥವೇ? ಅಲ್ಲ. ಮೂಲವು ತೀರ್ಪು ಕೊಡಲಾರದು; ಆದರೆ ನಾವು ಕೇಳಲು ಮರೆತ ಪ್ರಶ್ನೆಯನ್ನು ನೆನಪಿಸಬಲ್ಲದು. ಅದಕ್ಕೆ ‘ಡಿಸೈರ್’ಗಿಂತ ಸಾಮಾನ್ಯವಾದ, ನಮ್ಮ ಮಕ್ಕಳು ಶಿಶುವಿಹಾರದಲ್ಲಿಯೇ ಕಲಿಯುವ ಇನ್ನೊಂದು ಪದವನ್ನು ನೋಡೋಣ. ಅದು ‘ವಾಂಟ್’. ಬೇಕು ಎಂಬುದಕ್ಕೆ ಇಂಗ್ಲಿಷರು ದಿನಕ್ಕೆ ನೂರು ಸಲ ಬಳಸುವ ಮಾತು.

ಈ ಪದ ಇಂಗ್ಲಿಷರ ಸ್ವಂತದ್ದಲ್ಲ. ಒಂಬತ್ತನೆಯ ಶತಮಾನದಿಂದ ಮುಂದಕ್ಕೆ ಸ್ಕ್ಯಾಂಡಿನೇವಿಯದ ಕಡಲಿಗರು ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆಸಿದರು. ಅವರ ಭಾಷೆಯಲ್ಲಿ ‘ವಾಂಟ’ ಎಂದರೆ ಇಲ್ಲದಿರು, ಕಡಿಮೆಯಾಗು ಎಂದರ್ಥ. ಸುಮಾರು ೧೨೦೦ರ ವೇಳೆಗೆ ಅದು ಇಂಗ್ಲಿಷಿನಲ್ಲಿ ಬಳಕೆಗೆ ಬಂತು. ಆಗ ‘ಅವನಿಗೆ ಅನ್ನ ವಾಂಟ್’ ಎಂದರೆ ಅವನಿಗೆ ಅನ್ನ ಬೇಕು ಎಂದಲ್ಲ, ಅವನಿಗೆ ಅನ್ನವಿಲ್ಲ ಎಂದು. ೧೬೧೧ರ ಇಂಗ್ಲಿಷ್ ಬೈಬಲಿನ ಪ್ರಸಿದ್ಧವಾದ ೨೩ನೆಯ ಕೀರ್ತನೆಯಲ್ಲಿ ಈ ಪದ ಬರುವುದು ಕೊರತೆಯೆಂಬ ಅರ್ಥದಲ್ಲಿಯೇ. ಇಂದಿನ ವಿದ್ಯಾರ್ಥಿ ಅದನ್ನು ಬಯಕೆಯೆಂದು ಓದಿದರೆ ಅರ್ಥ ತಲೆಕೆಳಗಾಗುತ್ತದೆ. ಬಯಸು ಎಂಬ ಅರ್ಥದಲ್ಲಿ ಅದು ನೆಲೆಗೊಂಡದ್ದು ಹದಿನೆಂಟನೆಯ ಶತಮಾನದ ಆರಂಭದಿಂದೀಚೆಗೆ. ಹಳೆಯ ಅರ್ಥವೂ ಪೂರ್ತಿ ಅಳಿಯಲಿಲ್ಲ. ೧೯೪೧ರಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟರು ಮಾನವಕುಲಕ್ಕೆ ನಾಲ್ಕು ಸ್ವಾತಂತ್ರ್ಯಗಳು ಬೇಕೆಂದು ಸಾರಿದಾಗ, ಮೂರನೆಯದು ‘ವಾಂಟ್’ನಿಂದ ಬಿಡುಗಡೆ. ೧೯೪೨ರಲ್ಲಿ ಬ್ರಿಟನ್ನಿನ ಬೆವರಿಜ್ ವರದಿ, ಸಮಾಜ ಗೆಲ್ಲಬೇಕಾದ ಐದು ದೈತ್ಯರನ್ನು ಹೆಸರಿಸಿದಾಗ ಅವರಲ್ಲಿ ಒಬ್ಬ ‘ವಾಂಟ್’. ಎರಡು ಕಡೆಯೂ ಅರ್ಥ ಬಡತನ, ಇಲ್ಲದಿರುವಿಕೆ. ಆಸೆಯಿಂದ ಬಿಡುಗಡೆ ಎಂದು ಅದನ್ನು ಕನ್ನಡಿಸಿದವನು ಹಸಿದವನಿಗೆ ವೈರಾಗ್ಯವನ್ನು ಬೋಧಿಸಿದಂತಾಗುತ್ತದೆ.

ಈ ‘ವಾಂಟ್’ ಪದಕ್ಕೂ ಸಂಸ್ಕೃತದಲ್ಲಿ ಒಬ್ಬ ದಾಯಾದಿಯಿದ್ದಾನೆ. ಅವನು ಆಶೆಯಲ್ಲ, ಕಾಮವಲ್ಲ, ತೃಷ್ಣೆಯಲ್ಲ. ಅವನು ‘ಊನ’. ಊನ, ನ್ಯೂನ ಎಂದು ನಾವು ದಿನವೂ ಬಳಸುವ ಪದ. ಕೊರತೆಯ ಬೇರಿನಿಂದ ಬಂದು, ಬಯಕೆಯ ಕೊಂಬೆಗೂ ಹೂಬಿಟ್ಟ ಪದ ಇದು. ಶಾಮನೂರಿನಿಂದ ಹರಿಹರ ಬಹಳ ದೂರವಿಲ್ಲ. ೧೨೨೪ರಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು ಕಟ್ಟಿಸಿದ ದೇವಾಲಯದಲ್ಲಿ, ಒಂದೇ ವಿಗ್ರಹದ ಬಲಪಾಲು ಹರ, ಎಡಪಾಲು ಹರಿ. ‘ವಾಂಟ್’ ಎಂಬ ಪದವೂ ಹಾಗೆಯೇ ಎರಡು ಪಾಲಿನ ಮೂರ್ತಿ: ಒಂದು ಪಾಲು ಊನ, ಇನ್ನೊಂದು ಪಾಲು ಬಯಕೆ. ಹರಿಹರನಲ್ಲಿ ಎರಡೂ ಪೂಜ್ಯ. ಇಲ್ಲಿ ಮಾತ್ರ ಎರಡನ್ನೂ ಬಿಡಿಸಿ ನೋಡದಿದ್ದರೆ ಅಪಾಯ.

ಅಪಾಯ ಎಲ್ಲಿದೆಯೆಂದು ಕೇಳುವಿರಾದರೆ, ನಮ್ಮ ಮಕ್ಕಳ ಅರ್ಥಶಾಸ್ತ್ರದ ಪಠ್ಯವನ್ನೇ ತೆರೆದು ನೋಡಿ. ಮನುಷ್ಯನ ‘ವಾಂಟ್’ಗಳಿಗೆ ಮಿತಿಯಿಲ್ಲ, ಅವನ್ನು ತೀರಿಸುವ ಸಾಧನಗಳಿಗೆ ಮಿತಿಯುಂಟು ಎಂಬುದು ಮೊದಲನೆಯ ಪಾಠ. ೧೯೩೨ರಲ್ಲಿ ಲಯೊನೆಲ್ ರಾಬಿನ್ಸ್ ಎಂಬ ಇಂಗ್ಲಿಷ್ ಅರ್ಥಶಾಸ್ತ್ರಜ್ಞರು ತಮ್ಮ ಶಾಸ್ತ್ರಕ್ಕೆ ಕೊಟ್ಟ ಲಕ್ಷಣವೂ ಸಾಧನಗಳ ಈ ಕೊರತೆಯನ್ನೇ ಆಧರಿಸಿದೆ. ಶಾಸ್ತ್ರದ ಅನುಕೂಲಕ್ಕೆ ಅದು ಒಪ್ಪತಕ್ಕ ಮಾತಿರಬಹುದು. ಆದರೆ ಅಲ್ಲಿ ನಡೆದ ಶಬ್ದದ ಆಟವನ್ನು ಗಮನಿಸಿ. ಬಯಕೆಗೆ ಮಿತಿಯಿಲ್ಲವೆನ್ನುವುದು ನಿಜ; ಊನಕ್ಕೆ ಮಿತಿಯಿಲ್ಲವೆನ್ನುವುದು ಸುಳ್ಳು. ಹಸಿವಿಗೆ ಮಿತಿಯುಂಟು, ಉಂಡರೆ ತೀರುತ್ತದೆ. ಬಟ್ಟೆಯ ಕೊರತೆಗೆ ಮಿತಿಯುಂಟು, ಉಟ್ಟರೆ ತೀರುತ್ತದೆ. ಎರಡಕ್ಕೂ ಒಂದೇ ಹೆಸರನ್ನಿಟ್ಟಾಗ, ಸಿರಿವಂತನ ಐದನೆಯ ಮನೆಯೂ ಬಡವನ ಮೊದಲನೆಯ ಮಾಡೂ ಒಂದೇ ಪಟ್ಟಿಯಲ್ಲಿ ಕುಳಿತುಕೊಳ್ಳುತ್ತವೆ. ಅನಂತರ ಬಯಕೆಯು ತನ್ನನ್ನು ಊನವೆಂದು ಹೇಳಿಕೊಂಡು ನ್ಯಾಯ ಕೇಳತೊಡಗುತ್ತದೆ.

ಇನ್ನು ನಮ್ಮ ಕನ್ನಡವನ್ನು ನೋಡೋಣ. ‘ಬೇಕು’ ಎಂಬುದು ಹಳಗನ್ನಡದಲ್ಲಿ ‘ಬೇೞ್ಕುಂ’ ಎಂದಿತ್ತು. ‘ಬೇಡು’ ಎಂಬ ಕ್ರಿಯಾಪದ ಇದರ ಬಂಧು. ತಮಿಳಿನಲ್ಲಿಯೂ ‘ವೇಣ್ಡುಂ’ ಎಂದರೆ ಬೇಕು, ‘ವೇಣ್ಡಾಂ’ ಎಂದರೆ ಬೇಡ. ನಿರಾಕರಣೆಗೆ ನಾವು ಬಳಸುವ ‘ಬೇಡ’ ಎಂಬ ಮಾತು ಬೇಡು ಎಂಬುದರ ನಿಷೇಧರೂಪ. ಎಂದರೆ, ಒಂದು ವಸ್ತುವನ್ನು ಬೇಡ ಎನ್ನುವಾಗ ಕನ್ನಡಿಗನು ಮೂಲತಃ ಹೇಳುತ್ತಿರುವುದು ‘ಅದಕ್ಕಾಗಿ ಕೈಯೊಡ್ಡುವುದಿಲ್ಲ’ ಎಂದು. ಇಂಗ್ಲಿಷಿನ ಪದ ಇಲ್ಲದಿರುವ ವಸ್ತುವನ್ನು ನೋಡುತ್ತದೆ. ಕನ್ನಡದ ಪದ ಬೇಡುವ ಕೈಯನ್ನು ನೋಡುತ್ತದೆ. ಮೊದಲೇ ಹೇಳಿದಂತೆ ಈ ಮೂಲದಿಂದ ತೀರ್ಪು ಹುಟ್ಟುವುದಿಲ್ಲ. ಆದರೆ ಎರಡು ಭಾಷೆಗಳ ಎರಡು ಪ್ರಶ್ನೆಗಳು ಇದರಿಂದ ದೊರೆತವು. ‘ಇದು ನನ್ನಲ್ಲಿ ನಿಜವಾಗಿ ಊನವಾಗಿದೆಯೇ?’ ಎಂಬುದು ಒಂದು. ‘ಇದಕ್ಕಾಗಿ ಕೈಯೊಡ್ಡುವುದು ನನಗೆ ತಕ್ಕದ್ದೇ?’ ಎಂಬುದು ಇನ್ನೊಂದು.

ಈ ಎರಡು ಪ್ರಶ್ನೆಗಳನ್ನು ಹಿಡಿದು ಶರಣರ ‘ಆಸೆ’ಯ ಕಡೆಗೆ ಬರೋಣ. ವಚನಗಳು ಇಂಗ್ಲಿಷಿಗೆ ಹೋದ ಕಥೆ ಈ ಭಾಗದವರಿಗೆ ಹೆಮ್ಮೆಯದು. ಮೆನೆಜಿಸ್ ಮತ್ತು ಅಂಗಡಿಯವರು ಮಾಡಿದ ಬಸವಣ್ಣನವರ ವಚನಗಳ ಅನುವಾದವನ್ನು ೧೯೬೭ರಲ್ಲಿ ಪ್ರಕಟಿಸಿದ್ದು ಸಿರಿಗೆರೆಯ ಅಣ್ಣನ ಬಳಗ. ಶೂನ್ಯಸಂಪಾದನೆಯ ಇಂಗ್ಲಿಷ್ ಸಂಪುಟಗಳು ೧೯೬೫ರಿಂದ ೧೯೭೨ರ ಅವಧಿಯಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ಹೊರಬಂದವು. ೧೯೭೩ರಲ್ಲಿ ಎ. ಕೆ. ರಾಮಾನುಜನ್ನರ ‘ಸ್ಪೀಕಿಂಗ್ ಆಫ್ ಶಿವ’ ಪ್ರಕಟವಾಗಿ, ಬಸವಣ್ಣ, ದೇವರ ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮ ಈ ನಾಲ್ವರನ್ನು ಜಗತ್ತಿನ ಓದುಗರಿಗೆ ಪರಿಚಯಿಸಿತು. ಈ ಮಹನೀಯರ ಪರಿಶ್ರಮಕ್ಕೆ ನಾವೆಲ್ಲ ಋಣಿಗಳು. ನಮ್ಮ ಆಕ್ಷೇಪ ಅನುವಾದಕರ ಮೇಲಲ್ಲ. ಒಂದು ಅಭ್ಯಾಸದ ಮೇಲೆ. ವಚನಗಳನ್ನು ಇಂಗ್ಲಿಷಿನಲ್ಲಿ ವಿವರಿಸುವವರು, ಬರೆಯುವವರು ಆಸೆ, ಕಾಮ, ಬಯಕೆ, ಹಂಬಲ, ತೃಷ್ಣೆ ಎಲ್ಲಕ್ಕೂ ‘ಡಿಸೈರ್’ ಎಂಬ ಒಂದೇ ಪದವನ್ನು ಹಚ್ಚುವುದು ವಾಡಿಕೆಯಾಗಿದೆ. ಅನಂತರ ಆ ಪದವನ್ನು ಕನ್ನಡಕ್ಕೆ ಹಿಂದಿರುಗಿಸಿ, ಶರಣರು ಬಯಕೆಯ ಶತ್ರುಗಳೆಂದು ನಾವೇ ನಂಬತೊಡಗಿದ್ದೇವೆ.

ಹಾಗೆ ನಂಬಿದರೆ ಅಕ್ಕಮಹಾದೇವಿಯನ್ನು ಏನು ಮಾಡುವುದು? ಚೆನ್ನಮಲ್ಲಿಕಾರ್ಜುನನಿಗಾಗಿ ಉಡುತಡಿಯನ್ನು ಬಿಟ್ಟು, ಕಲ್ಯಾಣವನ್ನು ಹಾಯ್ದು, ಶ್ರೀಶೈಲದವರೆಗೆ ನಡೆದ ಆ ತಾಯಿಯ ವಚನಗಳಲ್ಲಿ ಹಂಬಲವಿಲ್ಲದ ವಚನಗಳೆಷ್ಟು? ಅಗಲಿದ ಪತಿಗಾಗಿ ಸತಿ ಪಡುವ ಕಳವಳವೇ ಅಲ್ಲಿ ಭಕ್ತಿಯ ರೂಪ. ಲ್ಯಾಟಿನ್ನಿನ ಹಳೆಯ ಪದ ಹೇಳುತ್ತಿದ್ದ, ಕಳೆದುಕೊಂಡವನ ನೋವು ಅದೇ. ಬಯಕೆಯೇ ಮಾಯೆಯಾಗಿದ್ದರೆ ಅಕ್ಕ ಮಾಯೆಯ ಬೆನ್ನುಹತ್ತಿ ಕದಳಿಗೆ ಹೋದಳೆನ್ನಬೇಕಾಗುತ್ತದೆ. ಆದುದರಿಂದ ಶರಣರು ಬಿಡಿರೆಂದ ಆಸೆ ಬೇರೆ, ಅವರು ಹೊತ್ತು ನಡೆದ ಹಂಬಲ ಬೇರೆ. ಒಂದೇ ಪದದ ಚೀಲದಲ್ಲಿ ಎರಡನ್ನೂ ತುಂಬಿದ್ದು ನಮ್ಮ ತಪ್ಪು.

ಶರಣರು ಬಿಡಿರೆಂದ ಆಸೆ ಯಾವುದೆಂಬುದನ್ನು ಆಯ್ದಕ್ಕಿ ಲಕ್ಕಮ್ಮನಷ್ಟು ಸ್ಪಷ್ಟವಾಗಿ ತೋರಿಸಿದವರು ವಿರಳ. ರಾಮಾನುಜನ್ನರ ನಾಲ್ವರಲ್ಲಿ ಈ ತಾಯಿ ಇಲ್ಲ. ಆದರೆ ನಮ್ಮ ಪ್ರಶ್ನೆಗೆ ಉತ್ತರ ಇವಳಲ್ಲಿದೆ. ಬತ್ತ ಬೆಳೆಯುವ, ಮಂಡಕ್ಕಿ ಹುರಿಯುವ ದಾವಣಗೆರೆಯ ಸೀಮೆಯವರಿಗೆ ಅಕ್ಕಿಯ ಬೆಲೆಯನ್ನು ಹೇಳಿಕೊಡಬೇಕಾಗಿಲ್ಲ. ಸುಗ್ಗಿಯ ಕಣದಲ್ಲಿ ಚೆಲ್ಲಿದ ಕಾಳನ್ನು ಆಯುವ ಬಡವರನ್ನು ನಿಮ್ಮಲ್ಲಿ ಹಿರಿಯರು ಕಂಡಿರುತ್ತೀರಿ. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯನದು ಇಂಥದೇ ಕಾಯಕ: ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಆ ಅಕ್ಕಿಯಿಂದ ಲಕ್ಕಮ್ಮ ಜಂಗಮದಾಸೋಹ ನಡೆಸುವಳು. ಶೂನ್ಯಸಂಪಾದನೆಯಲ್ಲಿ ಬರುವ ಈ ದಂಪತಿಗಳ ಪ್ರಸಂಗವನ್ನು ನೀವು ಅನೇಕ ಸಲ ಕೇಳಿರುತ್ತೀರಿ. ಆದರೂ ಇನ್ನೊಮ್ಮೆ ನಿಧಾನವಾಗಿ ನೋಡಿ. ಅದರಲ್ಲಿ ಲಕ್ಕಮ್ಮನ ಆಜ್ಞೆ ಒಂದಲ್ಲ, ಎರಡು.

ಅಲ್ಲಮಪ್ರಭುವಿನೊಡನೆ ಅನುಭಾವದಲ್ಲಿ ಮೈಮರೆತು ಮಾರಯ್ಯ ಕುಳಿತಿರುವಾಗ, ಕಾಯಕ ನಿಂತುಹೋಯಿತೆಂದು ನೆನಪಿಸಿ ಅವನನ್ನು ಎಬ್ಬಿಸಿ ಕಳುಹಿಸಿದವಳು ಲಕ್ಕಮ್ಮ. ಇದು ಮೊದಲನೆಯ ಆಜ್ಞೆ: ಹೋಗು, ಆಯ್ದು ತಾ. ಹೋದವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಇದು ನಮಗೆ ಬೇಕಾದಷ್ಟಲ್ಲ, ಮಿಗಿಲಾದುದು, ಮರಳಿ ಅಲ್ಲಿಯೇ ಸುರಿದು ಬಾ ಎಂದವಳೂ ಅವಳೇ. ಇದು ಎರಡನೆಯ ಆಜ್ಞೆ. ಇಂಥ ಅತಿಯ ಬಯಕೆ ಅರಸರ ಲಕ್ಷಣ, ಭಕ್ತರದಲ್ಲ ಎಂಬುದು ಅವಳ ತಿರಸ್ಕಾರದ ಸಾರ. ನಾವು ಪ್ರವಚನಕಾರರು ಎರಡನೆಯ ಆಜ್ಞೆಯನ್ನು ಮಾತ್ರ ಹೇಳಿ ಚಪ್ಪಾಳೆ ಪಡೆಯುತ್ತೇವೆ. ಮೊದಲನೆಯದನ್ನು ಬಿಟ್ಟುಬಿಡುತ್ತೇವೆ. ಆದರೆ ಮೊದಲನೆಯದಿಲ್ಲದೆ ಎರಡನೆಯದಕ್ಕೆ ಅರ್ಥವಿಲ್ಲ. ಆಯಲು ಹೋಗದವನಿಗೆ ಹಿಂದಿರುಗಿಸಲು ಏನಿದೆ? ಊನವಿರುವಲ್ಲಿ ಸುಮ್ಮನೆ ಕುಳಿತವನನ್ನು ಲಕ್ಕಮ್ಮ ನಿರಾಸಕ್ತನೆಂದು ಹೊಗಳಲಿಲ್ಲ, ಎಬ್ಬಿಸಿ ಕಳುಹಿಸಿದಳು. ಅವಳು ಅಳೆದದ್ದು ಮಾರಯ್ಯನ ಮನಸ್ಸನ್ನಷ್ಟೇ ಅಲ್ಲ, ಅವನ ಉಡಿಯಲ್ಲಿದ್ದ ಅಕ್ಕಿಯನ್ನು. ಮಿಗಿಲಾದ ಆ ಅಕ್ಕಿ ಇನ್ನೊಬ್ಬ ಆಯುವವನ ಪಾಲಾಗಬಹುದಾಗಿತ್ತು ಎಂಬುದನ್ನು ಮರೆಯದಿರೋಣ.

ಇದರಿಂದ ಶರಣರ ಪರಿಭಾಷೆಯಲ್ಲಿ ಆಸೆಯೆಂದರೆ ಬಯಕೆಯ ಹುಟ್ಟಲ್ಲ, ಬಯಕೆಯ ಮಿತಿಮೀರುವಿಕೆ ಎಂದು ಸಿದ್ಧವಾಗುತ್ತದೆ. ಊನ ತೀರಿದ ಮೇಲೆಯೂ ಊನವಿದೆಯೆಂದು ನಟಿಸುವ ಬಯಕೆಯೇ ಆಸೆ. ಅದು ಇನ್ನೊಬ್ಬರ ಪಾಲನ್ನು ತನ್ನ ಉಡಿಗೆ ಕಟ್ಟಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಹೇಳಲೇಬೇಕಾದಾಗ ‘ಡಿಸೈರ್’ ಎಂದು ನಿಲ್ಲಿಸದೆ, ಮಿಗಿಲಾದುದರ ಬಯಕೆ ಎಂಬರ್ಥ ಬರುವಂತೆ ಎರಡು ಮಾತು ಹೆಚ್ಚಿಗೆ ಬಳಸಿದರೆ ನಷ್ಟವೇನು? ಒಂದು ಶಬ್ದದ ಉಳಿತಾಯಕ್ಕಾಗಿ ಒಂದು ದರ್ಶನವನ್ನೇ ಕಳೆದುಕೊಳ್ಳಬೇಕೇ?

ಈ ಮಾತು ಕೇವಲ ಪಂಡಿತರದೆಂದು ತಿಳಿಯಬೇಡಿ. ನಮ್ಮ ಪ್ರಸಾದನಿಲಯದಲ್ಲಿ ಬೆಳೆದ ಹಳೆಯ ವಿದ್ಯಾರ್ಥಿಗಳಿಗೆ ಇದು ತಟ್ಟೆಯ ಮುಂದೆಯೇ ಕಲಿತ ಪಾಠ. ನಾವು ಹತ್ತು ವರ್ಷದ ಬಾಲಕರಾಗಿ ಮಠಕ್ಕೆ ಸೇರಿದ ಹೊಸತರಲ್ಲಿ, ಹಬ್ಬದ ದಿನ ತಟ್ಟೆಯ ತುಂಬ ಬಡಿಸಿಕೊಂಡು ಅರ್ಧವನ್ನು ಉಣ್ಣಲಾರದೆ ಕುಳಿತಿದ್ದೆವು. ಪಂಕ್ತಿಯಲ್ಲಿ ಬಂದ ಲಿಂಗೈಕ್ಯ ಗುರುಗಳು ಗದರಿಸಲಿಲ್ಲ. “ಮರಿ, ಇದನ್ನು ಬಡಿಸಿಕೊಂಡದ್ದು ಹಸಿವೋ, ಕಣ್ಣೋ?” ಎಂದು ಕೇಳಿ ಮುಂದಕ್ಕೆ ಹೋದರು. ಮರುದಿನ ಅದೇ ಗುರುಗಳು, ನಾಚಿಕೆಯಿಂದ ಎರಡನೆಯ ಸಲ ಕೇಳದೆ ಅರೆಹೊಟ್ಟೆಯಲ್ಲಿ ಏಳುತ್ತಿದ್ದ ಇನ್ನೊಬ್ಬ ಹುಡುಗನನ್ನು ಕೈಹಿಡಿದು ಕೂರಿಸಿ ಬಡಿಸಿದರು. ಹಸಿವು ಕೇಳಿದರೆ ಕೊಡು, ಕಣ್ಣು ಕೇಳಿದರೆ ತಡೆ. ಊನ ಮತ್ತು ಆಸೆಗಳ ಭೇದವನ್ನು ವಿಶ್ವವಿದ್ಯಾಲಯದಲ್ಲಿ ಓದುವುದಕ್ಕೆ ಮೊದಲೇ ನಾವು ಕಲಿತದ್ದು ಆ ಎರಡು ದಿನಗಳಲ್ಲಿ. ಶಾಮನೂರಿನ ವೇದಿಕೆಯ ಮೇಲೆ ಅದನ್ನು ಮರೆತದ್ದು ನಮ್ಮ ನ್ಯೂನತೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನು ಹೇಳದಿದ್ದರೆ ಅರ್ಧಸತ್ಯವಾದೀತು. ಲಕ್ಕಮ್ಮ ಪ್ರಶ್ನಿಸಿದ್ದು ತನ್ನ ಮನೆಯ ಉಡಿಯನ್ನು. ಪಕ್ಕದ ಮನೆಯವರ ಉಡಿಯನ್ನಲ್ಲ. ಆಸೆ ಬೇಡವೆಂಬ ಉಪದೇಶ ಇಂದು ಸಾಮಾನ್ಯವಾಗಿ ಇದ್ದವರ ಬಾಯಿಂದ ಇಲ್ಲದವರ ಕಿವಿಗೆ, ಹಿರಿಯರ ಬಾಯಿಂದ ಕಿರಿಯರ ಕಿವಿಗೆ, ಗಂಡಸರ ಬಾಯಿಂದ ಹೆಂಗಸರ ಕಿವಿಗೆ ಹರಿಯುತ್ತಿದೆ. ಕಲ್ಯಾಣದಲ್ಲಿ ಅದು ಹೆಂಡತಿಯ ಬಾಯಿಂದ ಗಂಡನ ಕಿವಿಗೆ ಹರಿಯಿತು! ಮಠಗಳೂ ಈ ವಿಷಯದಲ್ಲಿ ತಮ್ಮನ್ನು ಕೇಳಿಕೊಳ್ಳಬೇಕು. ಒಂದು ಶಾಲೆ ಇಲ್ಲದ ಊರಿಗೆ ಶಾಲೆ ಬೇಕೆಂದಾಗ ಅದು ಊನದ ಮಾತು. ಹತ್ತು ಕಟ್ಟಡಗಳ ಮೇಲೆ ಹನ್ನೊಂದನೆಯದಕ್ಕೆ ದಾನಿಗಳ ಹೆಸರಿನ ಫಲಕ ಸಿದ್ಧವಾಗುವಾಗ ಅದು ಊನವೋ ಆಸೆಯೋ ಎಂದು ಕೇಳುವ ಲಕ್ಕಮ್ಮ ನಮ್ಮ ನಡುವೆ ಇರಬೇಕು. ಅಂಥ ಪ್ರಶ್ನೆಯನ್ನು ನಮಗೆ ಕೇಳುವ ಭಕ್ತರನ್ನು ನಾವು ಅಪೇಕ್ಷಿಸುತ್ತೇವೆ. ಈ ಅಪೇಕ್ಷೆ ಆಸೆಯಲ್ಲವೆಂದು ಭಾವಿಸುತ್ತೇವೆ.

ಈಗ ಶಾಮನೂರಿನ ಆ ಮನೆಗೆ ನಮ್ಮ ಉತ್ತರ. ನಿಮ್ಮ ಮಗಳು ಕೇಳುತ್ತಿರುವುದು ವಿದ್ಯೆ. ಅದು ಇಲ್ಲದಿರುವುದು ಊನವೇ ಹೊರತು, ಕೇಳುವುದು ಅತಿಯಾಸೆಯಲ್ಲ. ಅವಳು ಓದಿದರೆ ಇನ್ನೊಬ್ಬರ ವಿದ್ಯೆ ಕಡಿಮೆಯಾಗದು; ಆ ಅಕ್ಕಿಯನ್ನು ಎಷ್ಟು ಆಯ್ದರೂ ಅಂಗಳ ಬರಿದಾಗದು. ಮನೆಯಲ್ಲಿ ಹಣದ ಅಡಚಣೆಯಿದ್ದರೆ ಅದನ್ನು ಅಡಚಣೆಯೆಂದೇ ಹೇಳಿರಿ. ಮಠದ ಹಳೆಯ ವಿದ್ಯಾರ್ಥಿಗಳು ಇರುವುದು ಅದಕ್ಕೇ. ಮಗಳನ್ನು ದೂರ ಕಳುಹಿಸಲು ಅಂಜಿಕೆಯಿದ್ದರೆ ಅದನ್ನು ಅಂಜಿಕೆಯೆಂದೇ ಹೇಳಿರಿ, ಕೂತು ಮಾತಾಡೋಣ. ಆದರೆ ಅಡಚಣೆಗೂ ಅಂಜಿಕೆಗೂ ಶರಣರ ವಚನವನ್ನು ಹೊದಿಕೆಯಾಗಿ ಹೊದಿಸಬೇಡಿ. ಓದಿ ಬಂದ ಮೇಲೆ ಅವಳು ತನ್ನ ಪಾಲಿಗೆ ಮಿಗಿಲಾದುದನ್ನು ಕಟ್ಟಿಕೊಳ್ಳತೊಡಗಿದರೆ, ಆಗ ಲಕ್ಕಮ್ಮನ ಎರಡನೆಯ ಆಜ್ಞೆಯನ್ನು ಅವಳಿಗೆ ಹೇಳೋಣ. ಇಂದು ಅವಳಿಗೆ ಸಲ್ಲುವುದು ಮೊದಲನೆಯದು: ಹೋಗು, ಆಯ್ದು ತಾ.

ನಕ್ಷತ್ರ ನೋಡುತ್ತ ನಡೆಯುವವನು ಹಳ್ಳಕ್ಕೆ ಬೀಳುತ್ತಾನೆಂದು ಅಂದು ಹೇಳಿದ್ದೆವು. ಆ ಮಾತನ್ನು ಈ ಮೂಲಕ ಹಿಂದಕ್ಕೆ ತೆಗೆದುಕೊಂಡಿದ್ದೇವೆ. ಸಮುದ್ರದಲ್ಲಿ ದಾರಿ ತಪ್ಪಿದವರು ನಕ್ಷತ್ರ ನೋಡಿಯೇ ದಡ ಸೇರಿದರಷ್ಟೆ.